ಪರ್ಲ್ ಹಾಕಿದ ಮರಿಗಳು

ವೆರ್ನಾ ಅರೆಂಡ್ಸೆ ಮೂವತ್ತೊಂದು ವರ್ಷ ಷರ್ಟಿನ ಕಾಲರು ಹೊಲಿದಳು. ಷರ್ಟಲ್ಲ, ಬರೀ ಕಾಲರು. ತೋಳು ಹೊಲಿಯುವವರು ಬೇರೆ, ಗುಂಡಿ ಹಾಕುವವರು ಬೇರೆ. ಸಾಲ್ಟ್ ರಿವರ್ ಬಡಾವಣೆಯ ಆ ಕಾರ್ಖಾನೆ ಮುಚ್ಚಿದ ದಿನ ತನ್ನ ಕತ್ತರಿ, ಕುರ್ಚಿಯ ಮೇಲಿನ ದಿಂಬು, ಚಹಾದ ಲೋಟ ಇಷ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ರೈಲು ಹತ್ತಿ ನಮ್ಮ ಅಥ್ಲೋನಿಗೆ ಬಂದಿಳಿದಳು. ಆಗ ಅವಳಿಗೆ ಐವತ್ತನಾಲ್ಕು. ನಾನೂ ಅವಳೂ ಒಂದೇ ತರಗತಿಯಲ್ಲಿ ಓದಿದವರು, ಅವಳ ಮನೆಯಿಂದ ಮೂರು ಬಾಗಿಲು ಆಚೆ ನನ್ನದು. ನಾನು ಒಂದು ಪ್ರಾಣಿಗಳ ದವಾಖಾನೆಯಲ್ಲಿ ಮುಂದಿನ ಮೇಜಿಗೆ ಕೂರುವವಳು. ಫೋನು ಎತ್ತುವುದು, ಚೀಟಿ ಬರೆಯುವುದು, ಕೈ ಸಾಲದಿದ್ದಾಗ ಒಳಗೆ ಹೋಗಿ ನಾಯಿಯ ಬಾಯಿ ಹಿಡಿಯುವುದು ನನ್ನ ಕೆಲಸ. ಈ ಕತೆಯಲ್ಲಿ ನನ್ನ ಪಾಲು ಚಿಕ್ಕದು. ಆದರೆ ಇಲ್ಲ ಎನ್ನಲಾರೆ.

ಆ ಮನೆಯಲ್ಲಿ ಇದ್ದದ್ದು ವೆರ್ನಾ ಮತ್ತು ಅವಳ ಅಕ್ಕ ಉರ್ಸುಲಾ, ಇಬ್ಬರೇ. ಇಬ್ಬರೂ ಮದುವೆಯಾದವರಲ್ಲ. ಉರ್ಸುಲಾ ಆರು ವರ್ಷ ದೊಡ್ಡವಳು, ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಸೊಂಟದ ಕೀಲು ಸವೆದು ಕೋಲು ಹಿಡಿದೇ ನಡೆಯುತ್ತಿದ್ದಳು. ಕಾಲು ನಿಧಾನವಾದಷ್ಟೂ ಅವಳ ನಾಲಿಗೆ ಚುರುಕಾಗುತ್ತ ಬಂತು ಎಂದು ಬೀದಿಯವರೆಲ್ಲ ಹೇಳುತ್ತಿದ್ದರು.

ಕಾರ್ಖಾನೆ ಮುಚ್ಚಿದ ಮೇಲೆ ವೆರ್ನಾ ಮನೆಯಲ್ಲೇ ಸಣ್ಣಪುಟ್ಟ ಹೊಲಿಗೆ ಹಿಡಿದಳು. ಹಾಗೆ ಬಂದ ಕೆಲಸಗಳಲ್ಲಿ ಒಂದು ಕ್ಲೈವ್ ಅಂಕಲ್‌ರದು. ಅಂಚೆಯವರಾಗಿದ್ದು ನಿವೃತ್ತರಾದ ಅವರು ವಿನ್‌ಬರ್ಗ್‌ನಲ್ಲಿ ಮೂವತ್ತು ವರ್ಷದಿಂದ ಬೂದಿ ಬಣ್ಣದ, ಗಿಡ್ಡ ಕೂದಲಿನ ಇಂಗ್ಲಿಷ್ ತಳಿಯ ಬೆಕ್ಕುಗಳನ್ನು ಬೆಳೆಸುತ್ತಿದ್ದರು. ಬೆಕ್ಕಿನ ಪ್ರದರ್ಶನಕ್ಕೆ ಹೋಗುವವರು ಪಂಜರಕ್ಕೆ ಒಳಗಿನಿಂದ ಪರದೆ ಕಟ್ಟುತ್ತಾರೆ. ಆ ಪರದೆಗಳನ್ನು ಅವರು ವೆರ್ನಾಳ ಹತ್ತಿರ ನೀಲಿ ಮಖಮಲ್ಲಿನಲ್ಲಿ ಹೊಲಿಸಿಕೊಂಡರು. ಅಳತೆ ಸರಿಯಾಗಿದೆಯೇ ನೋಡಲು ವೆರ್ನಾ ಅವರ ಜೊತೆ ಪ್ರದರ್ಶನಕ್ಕೆ ಹೋದಳು. ಪರದೆ ನೋಡಲು ಹೋದವಳು ಸಂಜೆಯವರೆಗೂ ಬೆಕ್ಕು ನೋಡುತ್ತ ನಿಂತಳು.

"ಬರ್ನಿ, ಅವು ಸುಮ್ನೆ ಕೂತಿರ್ತವೆ ಕಣೆ," ಎಂದು ನನಗೆ ಹೇಳಿದಳು. "ಏನೂ ಬೇಕು ಅನ್ನಲ್ಲ. ಹತ್ತಿರ ಹೋದ್ರೆ ಮುಖ ಎತ್ತಿ ನೋಡ್ತವೆ, ಅಷ್ಟೇ. ನಾನೂ ಮರಿ ಮಾಡಿಸ್ತೀನಿ."

ಒಂದು ವಾರದೊಳಗೆ ಕ್ಲೈವ್ ಅಂಕಲ್ ಅವಳ ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದರು. ನಾನೂ ಇದ್ದೆ.

"ಮುದ್ದು ಮಾಡೋಕೆ ಬೆಕ್ಕು ಬೇಕಿದ್ರೆ ಹೊರಗೆ ಬೇಕಾದಷ್ಟಿವೆ, ಒಂದನ್ನ ಎತ್ಕೊಂಡು ಬಾ," ಎಂದರು. "ಮರಿ ಮಾಡಿಸ್ಬೇಕು ಅಂದ್ರೆ ಮೊದಲು ಒಂದು ನೋಟುಬುಕ್ಕು ತಗೋ. ಏನಾದ್ರೂ ಬರೀದೆ ಬಿಟ್ಟೆ ಅಂದ್ರೆ ಅದು ಆಗಲೇ ಇಲ್ಲ ಅಂತ ಅರ್ಥ. ಹೆಣ್ಣಿಗೆ ವರ್ಷ ತುಂಬೋವರೆಗೂ ಗಂಡಿನ ಹತ್ರ ಬಿಡಬೇಡ, ಅದು ಎಷ್ಟೇ ಕೂಗ್ಲಿ, ಎಷ್ಟೇ ಉರುಳಾಡ್ಲಿ. ಎರಡಕ್ಕೂ ಚುಚ್ಚುಮದ್ದು ಆಗಿರ್ಬೇಕು, ಬೆಕ್ಕಿಂದ ಬೆಕ್ಕಿಗೆ ಅಂಟೋ ಎರಡು ಕೆಟ್ಟ ಕಾಯಿಲೆ ಇಲ್ಲ ಅಂತ ರಕ್ತ ಪರೀಕ್ಷೆ ಆಗಿರ್ಬೇಕು. ಚೀಟಿ ತೋರಿಸದಿದ್ರೆ ನನ್ನ ಗಂಡು ಬೆಕ್ಕು ಬ್ಯಾರನ್ ಹತ್ರ ಯಾರ ಹೆಣ್ಣನ್ನೂ ಬಿಡಲ್ಲ ನಾನು, ನನ್ನ ತಂಗಿಯದಾದ್ರೂ ಸರಿ."

"ಬ್ಯಾರನ್ನೇ ಇಲ್ಲಿಗೆ ಬರಬಾರ್ದಾ ಅಂಕಲ್?"

"ಗಂಡು ಬೆಕ್ಕು ಬೇರೆ ಮನೆಗೆ ಹೋದ್ರೆ ಕಪಾಟಿನ ಅಡಿ ಸೇರ್ಕೊಳ್ಳುತ್ತೆ. ಹೆಣ್ಣೇ ಹೋಗ್ಬೇಕು. ಉಗುರು ಕತ್ತರಿಸ್ಕೊಂಡು ಬಾ. ಆಮೇಲೆ ದಿನ ಎಣಿಸು. ಅರವತ್ತೈದು. ಅರವತ್ತು ಆದ ಮೇಲೆ ಮನೇಲಿ ಒಬ್ರಾದ್ರೂ ಇರಲೇಬೇಕು. ಮರಿ ನೂರು ಗ್ರಾಂ ಆಜುಬಾಜು ಹುಟ್ಟುತ್ತೆ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ತೂಗು. ಹತ್ತು ಗ್ರಾಂ ಏರ್ಬೇಕು. ಏರಲಿಲ್ಲ ಅಂದ್ರೆ ಏನೋ ಕೆಟ್ಟಿದೆ."

ಉರ್ಸುಲಾ ಬಾಗಿಲಿಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಕಾರ್ಖಾನೆಯವರು ನಿನ್ನನ್ನ ಮನೆಗೆ ಕಳಿಸಿದ್ದು ಬೆಕ್ಕಿನ ಸೂಲಗಿತ್ತಿ ಆಗು ಅಂತಲೇನೆ?" ಎಂದಳು. "ಕ್ಲೈವ್, ಮೂವತ್ತು ವರ್ಷದಿಂದ ಬೆಕ್ಕಿಗೆ ಗಂಡು ಹುಡುಕ್ತಿದ್ದೀಯಲ್ಲ, ಈ ಮನೇಲಿ ಇಬ್ರಿದ್ದೀವಿ, ನಮಗೂ ಎಲ್ಲಾದ್ರೂ ನೋಡಬಾರ್ದಿತ್ತಾ?"

"ನಿನ್ನ ಚೀಟಿ ಎಲ್ಲಿ, ಉರ್ಸುಲಾ? ಚುಚ್ಚುಮದ್ದು ಆಗಿದ್ಯಾ?" ಎಂದರು ಕ್ಲೈವ್ ಅಂಕಲ್. ಆ ದಿನ ಎಲ್ಲರೂ ನಕ್ಕೆವು.

ವೆರ್ನಾ ಕಾರ್ಖಾನೆ ಕೊಟ್ಟ ಪರಿಹಾರದ ಹಣದಿಂದ ಡರ್ಬನ್‌ವಿಲ್‌ನ ಒಬ್ಬ ಹೆಂಗಸಿನ ಹತ್ತಿರ ಪರ್ಲ್ ಅನ್ನು ಕೊಂಡು ತಂದಳು. ಬೂದಿ ಬಣ್ಣ, ದುಂಡು ಮುಖ, ತಾಮ್ರದ ಕಣ್ಣು. ವಂಶಾವಳಿಯ ಪತ್ರದಲ್ಲಿ ಅದಕ್ಕೆ ಒಂದು ಸಾಲಿನಷ್ಟು ಉದ್ದದ ಹೆಸರಿತ್ತು. ಎಲ್ಲವನ್ನೂ ಕ್ಲೈವ್ ಅಂಕಲ್ ಹೇಳಿದ ಹಾಗೆಯೇ ಮಾಡಿದಳು. ವರ್ಷ ತುಂಬುವವರೆಗೆ ಕಾದಳು. ನಮ್ಮ ದವಾಖಾನೆಯಲ್ಲೇ ಚುಚ್ಚುಮದ್ದು, ರಕ್ತ ಪರೀಕ್ಷೆ ಎಲ್ಲ ಆಯಿತು. ಅವಳ ತಾಯಿ ಮಲಗುತ್ತಿದ್ದ ಹಿಂದಿನ ಕೋಣೆಯಲ್ಲಿ ಮಂಚ ತೆಗೆದು, ಹೆರಿಗೆಗೆ ಒಂದು ಪೆಟ್ಟಿಗೆ ಇಟ್ಟು, ಹಳೆಯ ದುಪ್ಪಟಿಗಳನ್ನು ಕುದಿಸಿ ಒಣಗಿಸಿ ಮಡಿಸಿಟ್ಟಳು.

ಮಾರ್ಚ್ ತಿಂಗಳಲ್ಲಿ ಐದು ಮರಿ ಹುಟ್ಟಿದವು. ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಹನ್ನೊಂದರೊಳಗೆ ಮುಗಿಯಿತು. ಪರ್ಲ್ ಹೊಕ್ಕುಳ ಬಳ್ಳಿಯನ್ನು ತಾನೇ ಕಚ್ಚಿ ಕತ್ತರಿಸಿತು, ಮಾಸನ್ನು ತಿಂದಿತು, ಪ್ರತಿ ಮರಿಯನ್ನೂ ನೆಕ್ಕಿ ಒಣಗಿಸಿತು. ಗಂಟೆಯೊಳಗೆ ಐದೂ ಮೊಲೆ ಕಚ್ಚಿದ್ದವು. ವೆರ್ನಾ ನನಗೆ ಫೋನು ಮಾಡಿ, "ಹಿಟ್ಟು ನಾದೋ ಹಾಗೆ ಕೈಯಾಡಿಸ್ತಿವೆ, ಐದೂ," ಎಂದಳು.

ಮರುದಿನ ಬೆಳಿಗ್ಗೆ ತೂಗಿದಾಗ ಯಾವುದೂ ಏರಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡು ಮರಿ ಮೊಲೆ ಬಿಟ್ಟು ಮೂಲೆಗೆ ತೆವಳಿದವು. ಮೂರನೆಯ ದಿನ ಸಂಜೆಯೊಳಗೆ ಐದೂ ಹೋದವು. ಪರ್ಲ್ ಕೊನೆಯದನ್ನು ಬಿಟ್ಟುಕೊಡಲಿಲ್ಲ, ಕತ್ತು ಹಿಡಿದು ಕೋಣೆಯಿಂದ ಕೋಣೆಗೆ ಹೊತ್ತು ತಿರುಗಿತು.

ಕ್ಲೈವ್ ಅಂಕಲ್ ಬಂದು ನೋಡಿ, "ಚೊಚ್ಚಲು. ಚಳಿ ಹಿಡಿದಿರ್ಬೇಕು. ಆಗುತ್ತೆ ಮಗಳೇ, ನನಗೂ ಆಗಿದೆ," ಎಂದರು.

ಜುಲೈನಲ್ಲಿ, ನಮ್ಮ ಕಡೆಯ ನಡುಚಳಿಗಾಲದಲ್ಲಿ, ಮತ್ತೆ ನಾಲ್ಕು. ಆ ಸಲ ವೆರ್ನಾ ಚಳಿಗೆ ಜಾಗವನ್ನೇ ಬಿಡಲಿಲ್ಲ. ಪೆಟ್ಟಿಗೆಯ ಕೆಳಗೆ ಬಿಸಿ ಪ್ಯಾಡು, ಕರೆಂಟು ತೆಗೆಯುವ ವೇಳೆಗೆ ಬಿಸಿನೀರಿನ ಚೀಲ, ಕಿಟಕಿಯ ಸಂದಿಗೆ ಬಟ್ಟೆ. ಅವಳು ಆ ಕೋಣೆಯಲ್ಲೇ ಚಾಪೆ ಹಾಕಿಕೊಂಡು ಮಲಗಿದಳು. ಮರಿಗಳು ಹುಟ್ಟುವಾಗ ಮೊದಲಿನವಕ್ಕಿಂತ ದಪ್ಪಗಿದ್ದವು. ಎರಡನೆಯ ದಿನವೇ ಮಂಕಾದವು. ಬಾಯಿ ತೆರೆದು ನೋಡಿದರೆ ವಸಡು ಹಳದಿ. ನಾಲ್ಕೂ ಹೋದ ಮೇಲೆ ವೆರ್ನಾ ಒಂದು ಬಿಳಿ ಬಟ್ಟೆಯನ್ನು ಬ್ರೆಡ್ಡಿನ ಚೀಲದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

"ಇದನ್ನ ಡಾಕ್ಟರಮ್ಮನಿಗೆ ತೋರಿಸು ಬರ್ನಿ. ಮರಿ ಉಚ್ಚೆ ಹೊಯ್ದಿದ್ದು. ನೋಡು, ಕಪ್ಪು ಚಹಾ ಚೆಲ್ಲಿದ ಹಾಗಿದೆ."

ಡಾಕ್ಟರಮ್ಮ ಆ ವಾರ ರಜೆಯಲ್ಲಿದ್ದರು. ಬದಲಿಗೆ ಬಂದ ಹುಡುಗ ಡಾಕ್ಟರು ಊಟಕ್ಕೂ ಪುರುಸೊತ್ತಿಲ್ಲದೆ ಓಡಾಡುತ್ತಿದ್ದರು. ನಾನು ಆ ಚೀಲವನ್ನು ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟೆ. ಡಾಕ್ಟರಮ್ಮ ರಜೆ ಮುಗಿಸಿ ಬಂದರು. ನಾನು ಮರೆತೆ. ಮರೆತೆ ಎನ್ನುವುದಕ್ಕಿಂತ ಬೇರೆ ಕಾರಣ ನನ್ನ ಬಳಿ ಇಲ್ಲ. ನಾಲ್ಕು ವಾರ ಅದು ಡ್ರಾಯರಿನಲ್ಲೇ ಇತ್ತು.

ಆ ದಿನಗಳಲ್ಲೇ ಒಮ್ಮೆ ಊಟದ ಮುಂದೆ ಉರ್ಸುಲಾ ಆ ಮಾತಾಡಿದಳು. ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಸಾವಿನ ಮನೆಯಲ್ಲೂ ಬಾಯಿ ಸುಮ್ಮನಿರದ ಜಾತಿ ಅವಳದು. "ಮೊದಲು ಐದು, ಈಗ ನಾಲ್ಕು. ನಿನ್ನ ರಾಣಿಯ ಮೊಲೇಲಿರೋದು ಹಾಲಲ್ಲ ಕಣೆ, ವಿಷ," ಎಂದಳು.

ವೆರ್ನಾ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಒಂದು ವಾರ ಅಕ್ಕನೊಡನೆ ಮಾತಿಲ್ಲ.

ಮರಿ ಸತ್ತ ಬೆಕ್ಕು ಬೇಗ ಬೆದೆಗೆ ಬರುತ್ತದೆ. ಮೂರು ವಾರಕ್ಕೆ ಪರ್ಲ್ ನೆಲದ ಮೇಲೆ ಉರುಳಾಡಿ ಕೂಗತೊಡಗಿತು. ವೆರ್ನಾ ಬುಟ್ಟಿ ಹಿಡಿದು ವಿನ್‌ಬರ್ಗ್‌ಗೆ ಹೊರಟಳು. ಕಾರು ಓಡಿಸಿದ್ದು ನಾನು.

"ಇಷ್ಟು ಬೇಗ ಬೇಡ," ಎಂದರು ಕ್ಲೈವ್ ಅಂಕಲ್. "ಅದರ ಹೊಟ್ಟೆಗೂ ಸ್ವಲ್ಪ ರಜಾ ಕೊಡು. ಕಾರ್ಖಾನೆಯವರು ನಿನಗೆ ಕೊಡ್ತಿರಲಿಲ್ವಾ ರಜಾ?"

"ಕೊಟ್ರಲ್ಲ ಅಂಕಲ್. ಕೊನೆಗೆ ಒಂದೇ ಸಲ ಪೂರ್ತಿ ಕೊಟ್ಟುಬಿಟ್ರು."

ಅವರು ಅವಳ ಮುಖ ನೋಡಿದರು. ಬ್ಯಾರನ್ ಇದ್ದ ಕೋಣೆಯ ಬಾಗಿಲು ತೆಗೆದರು. ಆಗಲಾದರೂ ನನಗೆ ಡ್ರಾಯರು ನೆನಪಾಗಬಹುದಿತ್ತು. ಆಗಲಿಲ್ಲ.

ಅದಾಗಿ ಒಂದು ವಾರಕ್ಕೆ ಅಂಚೆಚೀಟಿ ಹುಡುಕುತ್ತ ಡ್ರಾಯರು ಎಳೆದಾಗ ಬ್ರೆಡ್ಡಿನ ಚೀಲ ಕೈಗೆ ಬಂತು. ಡಾಕ್ಟರಮ್ಮ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಇದು ಎಷ್ಟು ದಿನದ್ದು?" ಎಂದರು. ನಾನು ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. "ತಾಯಿ ಬೆಕ್ಕನ್ನ ಇವತ್ತೇ ಕರ್ಕೊಂಡು ಬರೋಕೆ ಹೇಳು. ಗಂಡನ್ನೂ," ಎಂದರು.

ಹದಿನೈದು ನಿಮಿಷದ ಪರೀಕ್ಷೆ ಅದು. ಒಂದು ಕಾರ್ಡಿನ ಮೇಲೆ ಒಂದು ಹನಿ ರಕ್ತ. ಪರ್ಲ್‌ನ ರಕ್ತದ ಗುಂಪೇ ಬೇರೆ, ಬ್ಯಾರನ್ನದೇ ಬೇರೆ.

"ಮರಿಗಳಿಗೆ ಅಪ್ಪನ ಗುಂಪು ಬಂದಿದೆ," ಎಂದು ಡಾಕ್ಟರಮ್ಮ ವೆರ್ನಾಗೆ ತಿಳಿಸಿ ಹೇಳಿದರು. "ತಾಯಿಯ ಗಿಣ್ಣುಹಾಲಲ್ಲಿ ಇರೋ ಅಂಶ ಮರಿಯ ಹೊಟ್ಟೆಯಿಂದ ರಕ್ತಕ್ಕೆ ಇಳಿಯುತ್ತೆ. ಮಾಮೂಲಾಗಿ ಅದು ಮರಿಯನ್ನ ಕಾಯೋಕೆ ಇರೋದು. ಇಲ್ಲಿ ಮರಿಯ ರಕ್ತವನ್ನೇ ಹೊರಗಿನದು ಅಂತ ತಿಳಿದು ಒಡೆದು ಹಾಕಿದೆ. ಚೆನ್ನಾಗಿ ಕುಡಿದ ಮರಿ ಮೊದಲು ಹೋಗುತ್ತೆ."

"ಹಾಗಾದ್ರೆ ಈಗ ಹೊಟ್ಟೇಲಿರೋವು?"

"ಅವಕ್ಕೂ ಅದೇ ಅಪಾಯ. ಆದ್ರೆ ದಾರಿ ಇದೆ. ಹುಟ್ಟಿದ ಕೂಡಲೇ ಮರಿಗಳನ್ನ ತೆಗೆದು ಬೇರೆ ಇಡಿ. ಇಪ್ಪತ್ನಾಲ್ಕು ಗಂಟೆ ತಾಯಿ ಹಾಲು ಒಂದು ತೊಟ್ಟೂ ಬೇಡ. ಪುಡಿ ಹಾಲು ಕಲಸಿ ಸಿರಿಂಜಿನಲ್ಲಿ ಕೊಡಿ. ಒಂದು ದಿನ ಕಳೆದ ಮೇಲೆ ಮರಿಯ ಕರುಳು ಅದನ್ನ ಒಳಗೆ ಬಿಡಲ್ಲ. ಆಮೇಲೆ ಹಾಲು ಬರೀ ಹಾಲು. ಧಾರಾಳವಾಗಿ ಕುಡೀಲಿ."

"ಒಂದೇ ದಿನ?"

"ಒಂದೇ ದಿನ."

ವೆರ್ನಾ ಬೆರಳು ಮಡಿಸಿ ಎಣಿಸಿದಳು. "ಅಂದ್ರೆ ಆ ಒಂಬತ್ತೂ ಗಟ್ಟಿಮುಟ್ಟಾಗೇ ಹುಟ್ಟಿದ್ವು," ಎಂದಳು. ಡಾಕ್ಟರಮ್ಮ ತಲೆಯಾಡಿಸಿದರು.

ಕ್ಲೈವ್ ಅಂಕಲ್ ಹೊರಗೆ ಬೆಂಚಿನ ಮೇಲೆ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. "ನನ್ನ ಬೆಕ್ಕುಗಳೆಲ್ಲ ಒಂದೇ ಗುಂಪು," ಎಂದರು. "ಮೂವತ್ತು ವರ್ಷ ಈ ಪ್ರಶ್ನೆ ನನ್ನ ಬಾಗಿಲಿಗೆ ಬರಲೇ ಇಲ್ಲ. ಎಲ್ಲೋ ಓದಿದ್ದೆ. ಇದನ್ನ ಎಲ್ಲಕ್ಕಿಂತ ಮೊದಲು ಹೇಳ್ಬೇಕಿತ್ತು ನಿನಗೆ." ವೆರ್ನಾ ಅವರ ಪಕ್ಕದಲ್ಲಿ ಕೂತಳು. ಏನೂ ಅನ್ನಲಿಲ್ಲ. ನನಗೂ ಏನೂ ಅನ್ನಲಿಲ್ಲ.

ಮನೆಗೆ ಹೋಗಿ ಹೆರಿಗೆಯ ಪೆಟ್ಟಿಗೆಯ ಪಕ್ಕಕ್ಕೆ ಇನ್ನೊಂದು ಪೆಟ್ಟಿಗೆ ಇಟ್ಟಳು. ಅದಕ್ಕೊಂದು ಬಿಸಿ ಪ್ಯಾಡು, ಹೊಸ ಉಣ್ಣೆ ಬಟ್ಟೆ. ಕಿಟಕಿಯ ಹಲಗೆ ಮೇಲೆ ಹಾಲಿನ ಪುಡಿ ಡಬ್ಬಿ, ಸೂಜಿಯಿಲ್ಲದ ಸಣ್ಣ ಸಿರಿಂಜುಗಳು, ತಕ್ಕಡಿ. ಎಲ್ಲ ಸಾಲಾಗಿ ಇಟ್ಟಿದ್ದನ್ನು ನನಗೆ ತೋರಿಸಿದಳು.

"ಉರ್ಸುಲಾಗೆ ಹೇಳಿದ್ಯಾ?" ಎಂದು ಕೇಳಿದೆ.

"ಹೇಳ್ತೀನಿ."

"ಯಾವಾಗ?"

"ಏನಂತ ಹೇಳ್ಲಿ ಬರ್ನಿ? ಅಕ್ಕಾ, ನೀನು ಅವತ್ತು ಅಂದೆಯಲ್ಲ, ಅದೇ ನಿಜವಾಯ್ತು ಅಂತಲಾ? ನನ್ನನ್ನ ಗುಂಡಿಗಿಳಿಸೋವರೆಗೂ ಅದನ್ನೇ ಹಾಡ್ತಾಳೆ ಅವಳು. ಹೆರಿಗೆ ಹೊತ್ತಿಗೆ ನಾನೇ ಇರ್ತೀನಲ್ಲ."

ನಾನು ಹೇಳಬಹುದಿತ್ತು. ಅಕ್ಕತಂಗಿಯರ ನಡುವೆ ನಾನ್ಯಾಕೆ ಎಂದುಕೊಂಡೆ.

ಅಕ್ಟೋಬರಿನಲ್ಲಿ ಹಳೆಯ ಕಾರ್ಖಾನೆಯ ಮೇಲ್ವಿಚಾರಕಿ ಮೇವಿಸ್ ವೆರ್ನಾಗೆ ಹೇಳಿ ಕಳಿಸಿದಳು. ವುಡ್‌ಸ್ಟಾಕ್‌ನಲ್ಲಿ ಒಂದು ಸಣ್ಣ ಹೊಲಿಗೆ ಅಂಗಡಿ, ಡಿಸೆಂಬರಿನ ಮದುವೆಗಳಿಗೆ ಉಡುಪು, ಎರಡು ವಾರದ ಕೆಲಸ. ಸಂಬಳದ ಕೆಲಸ ಸಿಕ್ಕಿ ವರ್ಷಗಳೇ ಆಗಿದ್ದವು. ವೆರ್ನಾ ಒಪ್ಪಿದಳು. ಅರವತ್ತೆರಡನೆಯ ದಿನದಿಂದ ರಜೆ ಹಾಕುತ್ತೇನೆ ಎಂದು ಮೊದಲೇ ಮಾತಾಡಿಕೊಂಡಳು. ಅರವತ್ತೊಂದನೆಯ ದಿನ ಗುರುವಾರ. ಬೆಳಿಗ್ಗೆ ಪರ್ಲ್‌ನ ಮೈಶಾಖ ಅಳೆದಳು. ಹೆರಿಗೆ ಹತ್ತಿರವಾದರೆ ಅದು ಇಳಿಯಬೇಕು, ಇಳಿದಿರಲಿಲ್ಲ. ನೋಟುಬುಕ್ಕಿನಲ್ಲಿ ಬರೆದಳು. "ಅಕ್ಕ ಮನೇಲಿರ್ತಾಳೆ," ಎಂದು ಅದಕ್ಕೂ ಒಂದು ಸಾಲು ಬರೆದಳು. ಏಳಕ್ಕೆ ರೈಲಿಗೆ ಹೋದಳು.

ಮುಂದಿನದು ಉರ್ಸುಲಾ ಹೇಳಿದ್ದು.

ಹತ್ತು ಗಂಟೆಗೆ ಕರೆಂಟು ಹೋಯಿತು. ಆಮೇಲೆ ಸ್ವಲ್ಪ ಹೊತ್ತಿಗೆ ಪರ್ಲ್ ಅಡುಗೆಮನೆಗೆ ಬಂದು ಅವಳ ಲಂಗಕ್ಕೆ ಮೈಯುಜ್ಜಿ ಕೂಗಿತು, ಹಿಂದಿನ ಕೋಣೆಗೆ ಓಡಿತು, ಮತ್ತೆ ಬಂತು. ಎರಡು ವರ್ಷದಲ್ಲಿ ಆ ಬೆಕ್ಕು ಉರ್ಸುಲಾಳ ಹತ್ತಿರ ತಾನಾಗಿ ಬಂದದ್ದು ಅದೇ ಮೊದಲು. ಅವಳು ತಂಗಿಗೆ ಫೋನು ಮಾಡಿದಳು, ನನಗೂ ಮಾಡಿದಳು. ಕರೆಂಟು ಹೋದರೆ ನಮ್ಮ ಕಡೆ ಫೋನಿಗೂ ಜೀವವಿರುವುದಿಲ್ಲ, ಒಂದು ಕರೆಯೂ ಹೋಗಲಿಲ್ಲ. ಫೋನನ್ನು ಅಡುಗೆಮನೆಯಲ್ಲೇ ಬಿಟ್ಟು, ಕೋಲೂರಿಕೊಂಡು ಹಿಂದಿನ ಕೋಣೆಗೆ ಹೋಗಿ, ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತಳು. ಆ ಸೊಂಟದಲ್ಲಿ ನೆಲಕ್ಕೆ ಕೂತವಳು ತಾನಾಗಿ ಏಳಲಾರಳು. ಅದು ಗೊತ್ತಿದ್ದೂ ಕೂತಳು.

ನಾಲ್ಕು ಮರಿ. ಒಂದೊಂದು ಬಂದಾಗಲೂ ಉರ್ಸುಲಾ ಬಟ್ಟೆಯಿಂದ ಮೂಗು ಒರೆಸಿದಳು. ಪಕ್ಕದ ಪೆಟ್ಟಿಗೆ ಅವಳ ಕಣ್ಣಿಗೆ ಬಿತ್ತು. ಕೈಯಿಟ್ಟು ನೋಡಿದಳು, ಪ್ಯಾಡು ತಣ್ಣಗಿತ್ತು. ಇದರಲ್ಲಿ ಹಾಕಿದರೆ ಚಳಿ ಹಿಡಿಯುತ್ತದೆ ಎಂದು ಮರಿಗಳನ್ನು ಒಂದೊಂದಾಗಿ ಎತ್ತಿ ತಾಯಿಯ ಹೊಟ್ಟೆಗೆ ಒತ್ತಿ ಮಲಗಿಸಿದಳು. ಮೂರು ಮರಿ ತಕ್ಷಣ ಮೊಲೆ ಹಿಡಿದವು. ನಾಲ್ಕನೆಯದು ತೀರ ಚಿಕ್ಕದು, ಹಿಡಿದ ಹಾಗೆ ಮಾಡಿ ಜಾರುತ್ತಿತ್ತು. ಅವಳು ಅದನ್ನು ಮತ್ತೆ ಮತ್ತೆ ಇಟ್ಟಳು, ಬೆರಳಿನಿಂದ ಬಾಯಿ ತೆರೆದು ಇಟ್ಟಳು.

ಸಂಜೆ ನಾಲ್ಕೂವರೆಗೆ ವೆರ್ನಾ ಬಂದಳು. ಅಂಗಡಿಯ ಕೆಲಸ ಮುಗಿಸಿ ಮನೆಗೆ ಫೋನು ಮಾಡಿದರೆ ಅಕ್ಕ ಎತ್ತಿರಲಿಲ್ಲ. ಸ್ಟೇಷನ್ನಿನಿಂದ ನನಗೆ ಫೋನು ಮಾಡಿದಳು. ನಾನೂ ದವಾಖಾನೆಯಿಂದ ಓಡಿ ಬಂದೆ, ಇಬ್ಬರೂ ಒಟ್ಟಿಗೆ ಒಳಗೆ ಹೋದೆವು.

ಉರ್ಸುಲಾ ಗೋಡೆಗೊರಗಿ, ಕಾಲು ಚಾಚಿ, ಆರು ತಾಸಿನಿಂದ ಕೂತ ಕಡೆಯೇ ಕೂತಿದ್ದಳು. ನೀರು ಕುಡಿದಿರಲಿಲ್ಲ. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಚಿಕ್ಕಂದಿನಿಂದ ಕಂಡೇ ಇರಲಿಲ್ಲ.

"ವೆರ್ನಾ, ಸದ್ದು ಮಾಡಬೇಡ," ಎಂದಳು, ತುಟಿಗೆ ಬೆರಳಿಟ್ಟು. "ನಾಲ್ಕೂ ಬದುಕಿವೆ. ನೋಡು ಹೇಗೆ ಕುಡೀತಿವೆ ಅಂತ! ಈ ಪುಟ್ಟದೊಂದು ತುಂಬಾ ಹಟ ಮಾಡ್ತು. ಎಷ್ಟು ಸಲ ಇಟ್ಟರೂ ಬಿಟ್ಟುಬಿಡ್ತಿತ್ತು. ನಾನು ಬಿಡ್ತೀನಾ? ಎರಡು ಗುಟುಕು ಕುಡಿಸೇ ಕುಡಿಸಿದೆ."

ವೆರ್ನಾ ಹೆಗಲಿನ ಚೀಲವನ್ನು ಕೆಳಗಿಡಲಿಲ್ಲ. ನಾಲ್ಕು ಮರಿಗಳನ್ನೂ ಒಂದೊಂದಾಗಿ ಮೊಲೆಯಿಂದ ಬಿಡಿಸಿ ಆ ಇನ್ನೊಂದು ಪೆಟ್ಟಿಗೆಗೆ ಹಾಕಿದಳು. ಮೂರು ಮರಿಗಳ ಹೊಟ್ಟೆ ತುಂಬಿ ಗುಂಡಗಿತ್ತು.

"ಏ, ತಲೆ ಕೆಟ್ಟಿದ್ಯೇನೆ? ಕುಡಿಯೋ ಮಕ್ಕಳನ್ನ ಯಾಕೆ ಕೀಳ್ತೀಯ?"

"ಡಾಕ್ಟರು ಹೇಳಿದ್ದಾರೆ," ಎಂದಳು ವೆರ್ನಾ. ಅಷ್ಟೇ. ನಾನು ಉರ್ಸುಲಾಳ ಕಂಕುಳಿಗೆ ಕೈ ಹಾಕಿ ಎಬ್ಬಿಸಿದೆ. ಎದ್ದು ನಿಂತ ಮೇಲೂ ಅವಳು ಪೆಟ್ಟಿಗೆಯ ಕಡೆಗೇ ಕತ್ತು ತಿರುಗಿಸುತ್ತಿದ್ದಳು. "ಚೆನ್ನಾಗಿ ನೋಡ್ಕೊಂಡೆ ಅಲ್ವಾ ಬರ್ನಿ? ನನಗೂ ಬರುತ್ತೆ ಅಲ್ವಾ?" ಎಂದಳು. ನಾನು ಹೂಂ ಎಂದೆ.

ಡಾಕ್ಟರಮ್ಮ ಬಂದು ನೋಡಿದರು. ಮಾಡುವುದು ಹೆಚ್ಚೇನೂ ಉಳಿದಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಎಲ್ಲಕ್ಕಿಂತ ದೊಡ್ಡ ಮರಿ ಹೋಯಿತು. ಶನಿವಾರ ಬೆಳಿಗ್ಗೆ ಇನ್ನೆರಡು. ಉರ್ಸುಲಾ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಪ್ರತಿ ಸಲವೂ, "ಯಾಕೆ? ಚೆನ್ನಾಗಿ ಕುಡಿದ್ವಲ್ಲ, ಯಾಕೆ?" ಎಂದು ಕೇಳುತ್ತಿದ್ದಳು. ವೆರ್ನಾ ಬಟ್ಟೆ ಒಗೆಯುತ್ತಲೇ ಇದ್ದಳು.

ಶನಿವಾರ ಹನ್ನೊಂದಕ್ಕೆ ಕ್ಲೈವ್ ಅಂಕಲ್ ಬಂದರು. ಟೋಪಿ ತೆಗೆದು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಚಿಕ್ಕ ಮರಿಯೊಂದೇ ಉಳಿದಿತ್ತು.

"ಬೇರೆ ಇಟ್ಟಿರಲಿಲ್ವಾ?" ಎಂದರು. "ಮೊಲೆಗೆ ಬಿಟ್ಟವರ್ಯಾರು? ಗಿಣ್ಣು ಒಳಗೆ ಹೋದ್ರೆ ಮುಗೀತು ಅಂತ ಡಾಕ್ಟರು ಹೇಳಿದ್ರಲ್ಲ!"

ವೆರ್ನಾ ಬಾಗಿಲ ಕಡೆ ನೋಡಿದಳು. ಅವರಿಗೆ ಗೊತ್ತಾಯಿತು, ಆದರೆ ಮಾತು ಬಾಯಿ ದಾಟಿತ್ತು. ಉರ್ಸುಲಾ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಏನು ಹೇಳಿದ್ರು ಡಾಕ್ಟರು?" ಎಂದಳು.

ವೆರ್ನಾ ಹೇಳಿದಳು. ನಾಲ್ಕು ವಾಕ್ಯದಲ್ಲಿ ಮುಗಿಯಿತು.

ಉರ್ಸುಲಾ ತಂಗಿಯ ಕಡೆ ತಿರುಗಿದಳು. "ನನಗ್ಯಾಕೆ ಹೇಳ್ಲಿಲ್ಲ?"

"ನೀನು ನಗ್ತಿದ್ದೆ."

"ಹೌದು, ನಗ್ತಿದ್ದೆ," ಎಂದಳು ಉರ್ಸುಲಾ. "ಒಂದು ವಾರ ನಗ್ತಿದ್ದೆ, ಬೀದಿಗೆಲ್ಲ ಹೇಳಿ ನಗ್ತಿದ್ದೆ. ಆದ್ರೆ ಮರಿಗಳನ್ನ ಮೊಲೆಗೆ ಬಿಡ್ತಿರಲಿಲ್ಲ."

ಅವಳು ತಿರುಗಿ ತನ್ನ ಕೋಣೆಗೆ ಹೋದಳು. ಕೋಲಿನ ಸದ್ದು, ಆಮೇಲೆ ಬಾಗಿಲು ಹಾಕಿದ ಸದ್ದು. ವೆರ್ನಾ ಎದ್ದು ಆ ಬಾಗಿಲವರೆಗೆ ಹೋದಳು. ಕೈ ಎತ್ತಿ, ತಟ್ಟದೆ ವಾಪಸು ಬಂದಳು. ತಪ್ಪು ನಿನ್ನದಲ್ಲ, ನಾನು ಹೇಳಬೇಕಿತ್ತು: ಇಷ್ಟೇ ಮಾತು. ಅದನ್ನು ಹೇಳಬೇಕೆಂದು ಬಾಗಿಲಿಗೆ ಹೋಗಿದ್ದೆ ಎಂದು ಆಮೇಲೆ ನನಗೆ ಹೇಳಿದಳು. ಮರುದಿನ ಹೇಳುತ್ತೇನೆ ಎಂದಳು. ಆ ವಾರವೂ ಹೇಳಲಿಲ್ಲ, ಆ ತಿಂಗಳೂ ಹೇಳಲಿಲ್ಲ. ದಿನ ಕಳೆದಂತೆ ಅದು ಹೇಳಲಾಗದ ಮಾತಾಯಿತು.

ಚಿಕ್ಕ ಮರಿ ಉಳಿಯಿತು. ಸರಿಯಾಗಿ ಕುಡಿಯದ್ದರಿಂದಲೇ ಉಳಿಯಿತು ಎಂದರು ಡಾಕ್ಟರಮ್ಮ. ಎರಡನೆಯ ವಾರ, ಕುಡಿದ ಅಷ್ಟು ಹಾಲಿನ ಪರಿಣಾಮಕ್ಕೆ, ಅದರ ಬಾಲದ ತುದಿ ಕಪ್ಪಾಗಿ ಒಣಗಿ ಉದುರಿತು. ಉಳಿದಂತೆ ಆರೋಗ್ಯವಾಗಿತ್ತು, ದಿನಕ್ಕೆ ಹನ್ನೆರಡು ಗ್ರಾಂ ಏರುತ್ತಿತ್ತು. ವೆರ್ನಾ ತೂಗಿ ಬರೆದಿಡುತ್ತಿದ್ದಳು, ಆದರೆ ಅದಕ್ಕೊಂದು ಹೆಸರಿಡಲಿಲ್ಲ. ಉರ್ಸುಲಾ ಹಿಂದಿನ ಕೋಣೆಗೆ ಕಾಲಿಡಲಿಲ್ಲ. ಮರಿಯೇ ಅಡುಗೆಮನೆಗೆ ಓಡಿ ಬಂದು ಅವಳ ಕೋಲಿನ ಜೊತೆ ಆಡಲು ಶುರುಮಾಡಿದರೆ ಕೋಲು ಎತ್ತಿ ಹಿಡಿದು, ಯಾರಾದರೂ ಬಂದು ಅದನ್ನು ಎತ್ತಿಕೊಂಡು ಹೋಗುವವರೆಗೂ ಹಾಗೆಯೇ ಕೂತಿರುತ್ತಿದ್ದಳು. ಮೂರು ತಿಂಗಳಿಗೆ ಅದನ್ನು ಕುಯಿಲ್ಸ್ ರಿವರಿನ ಒಬ್ಬ ಮೇಷ್ಟರ ಮನೆಗೆ ಪುಕ್ಕಟೆ ಕೊಟ್ಟರು.

ಪ್ರಿಟೋರಿಯಾದಲ್ಲಿ ಪರ್ಲ್‌ಗೆ ಹೊಂದುವ ರಕ್ತದ ಗಂಡು ಇದೆ ಎಂದು ಕ್ಲೈವ್ ಅಂಕಲ್ ಪತ್ತೆ ಮಾಡಿದರು. ನಾನೇ ಕರೆದುಕೊಂಡು ಹೋಗುತ್ತೇನೆ, ಖರ್ಚು ನನ್ನದು ಎಂದರು. ವೆರ್ನಾ ಬೇಡ ಎಂದಳು. ಗರ್ಭಕೋಶ ತೆಗೆಸಲು ದಿನ ಗೊತ್ತುಮಾಡಿಕೊಡು ಎಂದು ನನಗೆ ಹೇಳಿದಳು.

ಆ ದಿನ ಬೆಳಿಗ್ಗೆ ಬುಟ್ಟಿ ತೆಗೆದುಕೊಂಡು ಹೋಗಲು ನಾನೇ ಬಂದೆ. ಭಾನುವಾರ ಕರಿದು ಪಾಕಕ್ಕೆ ಹಾಕಿದ ಕೂಸಿಸ್ಟರ್ ಸಿಹಿ ನಾಲ್ಕು ಉಳಿದಿದ್ದವು, ಮೇಜಿನ ಮೇಲಿಟ್ಟೆ. ವೆರ್ನಾ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಉರ್ಸುಲಾ ನನ್ನ ತೋಳು ಹಿಡಿದು ದನಿ ತಗ್ಗಿಸಿ ಕೇಳಿದಳು.

"ಬರ್ನಿ, ನಿಜ ಹೇಳು. ಅವತ್ತು ನಾನು ಅಡುಗೆಮನೆಯಿಂದ ಏಳದೇ ಇದ್ದಿದ್ರೆ ಅವು ಬದುಕ್ತಿದ್ವಾ?"

"ಇಲ್ಲ ಅಕ್ಕ," ಎಂದೆ. ಅದು ನಿಜವೇ. "ನೀನಿಲ್ಲದಿದ್ರೂ ಪರ್ಲ್ ತಾನೇ ಕುಡಿಸ್ತಿತ್ತು. ತಾಯಿ ಬೆಕ್ಕು ಮಾಡೋದೇ ಅದು. ನೀನು ಮಾಡಿದ್ದರಿಂದ ಏನೂ ಬದಲಾಗ್ಲಿಲ್ಲ."

ಅವಳು ನನ್ನ ತೋಳು ಬಿಟ್ಟಳು. "ಆದ್ರೆ ನಾನಿದ್ದೆನಲ್ಲ," ಎಂದಳು. "ಕೈ ಎರಡೂ ಇದ್ವಲ್ಲ. ಪೆಟ್ಟಿಗೆ ಪಕ್ಕದಲ್ಲೇ ಇತ್ತು."

ಹೊಲಿಗೆ ಯಂತ್ರ ನಿಂತಿತ್ತು. ವೆರ್ನಾಗೆ ಕೇಳಿಸಿತ್ತು ಎಂದೇ ನನ್ನ ನಂಬಿಕೆ. ಅವಳು ಬರುತ್ತಾಳೇನೋ ಎಂದು ಬುಟ್ಟಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಯಂತ್ರ ಮತ್ತೆ ಶುರುವಾಯಿತು. ನಾನು ಹೊರಟೆ.

ಆಪರೇಷನ್ ಸಲೀಸಾಗಿ ಆಯಿತು. ಪರ್ಲ್ ಈಗ ಬೆದೆಗೆ ಬರುವುದಿಲ್ಲ, ಕೂಗುವುದಿಲ್ಲ, ದಿನವಿಡೀ ಕಿಟಕಿಯಲ್ಲಿ ಕೂತಿರುತ್ತದೆ. ಹೋದ ವಾರ ದವಾಖಾನೆಗೆ ತಂದಾಗ ತಕ್ಕಡಿಯ ಮುಳ್ಳು ನೋಡಿ ಡಾಕ್ಟರಮ್ಮ ಹುಬ್ಬೇರಿಸಿದರು. "ಎಷ್ಟು ಸಲ ಊಟ ಹಾಕ್ತೀರಿ ಇದಕ್ಕೆ?" ಎಂದರು. ವೆರ್ನಾ, "ಎರಡು ಸಲ," ಎಂದಳು. ಅವಳು ಹಾಕುವುದು ಎರಡೇ ಸಲ. ಉರ್ಸುಲಾ ಹಾಕುವುದೂ ಎರಡು ಸಲ. ತಾನು ಹಾಕಿದೆ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುವುದಿಲ್ಲ, ಆ ಮನೆಯಲ್ಲಿ ಈಗ ಮಾತಿಲ್ಲ.